ಎದೆಗಾರ ಕೆಂಚ

ಒದ್ದೆ ನಾಯಿಯ ವಾಸನೆಗೆ ಹಸಿಮಣ್ಣಿನ ವಾಸನೆ ಬೆರೆತರೆ ಈಗಲೂ ನಾನು ಒಂಬತ್ತು ವರ್ಷದವಳಾಗಿಬಿಡುತ್ತೇನೆ. ಹೋದ ವಾರ ಲಿನ್‌ವುಡ್ ಕಡೆ ಹೋಗುವ ರೈಲಿನಲ್ಲಿ ಹಾಗೇ ಆಯಿತು. ಶೋರ್‌ಲೈನ್ ನಿಲ್ದಾಣದಲ್ಲಿ ಒಬ್ಬ ಹುಡುಗಿ ಪುಟ್ಟ ಟೆರಿಯರ್ ನಾಯಿಯನ್ನು ಕಂಕುಳಲ್ಲಿ ಇರುಕಿಕೊಂಡು ಹತ್ತಿ ನನ್ನ ಪಕ್ಕದಲ್ಲೇ ಕೂತಳು. ಅದರ ಗಡ್ಡದಿಂದ ಮಳೆನೀರು ತೊಟ್ಟಿಕ್ಕುತ್ತಿತ್ತು, ಮುಂಗಾಲಿಗೆಲ್ಲ ಕೆಸರು ಮೆತ್ತಿತ್ತು. ಕಿಟಕಿಯಾಚೆ ನಮ್ಮ ಮನೆಯಿದ್ದ ಬೀದಿ ಒಂದು ಕ್ಷಣ ಕಂಡು ಮರೆಯಾಯಿತು. ಮನೆ ಈಗಿಲ್ಲ. ರೈಲು ಬರುತ್ತದೆಂದು ಗೊತ್ತಾದದ್ದೇ ತಡ, ಅದನ್ನು ಕೆಡವಿ ಅಷ್ಟೇ ಜಾಗದಲ್ಲಿ ಆರು ಸಪೂರ ಮನೆಗಳನ್ನು ನಿಲ್ಲಿಸಿದರು. ಹೀಗೆ ಕಳೆದುಹೋದ ಮನೆಯೊಂದು ನಿಮಗೂ ಇದ್ದರೆ ನಾನು ಹೆಚ್ಚು ಹೇಳಬೇಕಿಲ್ಲ. ಗೋಡೆ ಬಾಗಿಲುಗಳಿಗಿಂತ ಮೊದಲು ನೆನಪಾಗುವುದು ವಾಸನೆಯೇ.

ಆ ಮನೆಯಲ್ಲಿ ಹಗಲು ಇರುತ್ತಿದ್ದವರು ಅಜ್ಜಿ, ಸ್ಕೂಲು ಬಿಟ್ಟ ಮೇಲೆ ನಾನು, ಮತ್ತು ನಮ್ಮ ನಾಯಿ ಕೆಂಚ. ಅಪ್ಪ ವಿಮಾನದ ರೆಕ್ಕೆಗಳ ಕೆಲಸಕ್ಕೆ, ಅಮ್ಮ ಯೂನಿವರ್ಸಿಟಿಯ ಲ್ಯಾಬಿಗೆ ಹೋದರೆ ಬರುವುದು ಸಂಜೆಗೇ. ಅಜ್ಜಿಗೆ ಇಂಗ್ಲಿಷ್ ಬಾರದು. ಅಪ್ಪ ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ಜಂಬದ ಹುಡುಗಿ ನಾನು, ಅಜ್ಜಿಯ ಮುಂದೆ ಮಾತ್ರ ತೊದಲುಗನ್ನಡಕ್ಕೆ ಇಳಿಯಲೇಬೇಕಿತ್ತು. ಬೇಲಿಯಾಚೆ ವಾಲ್ಟ್ ಎಂಬ ಮುದುಕರಿದ್ದರು. ಹೆಂಡತಿ ತೀರಿಕೊಂಡ ಮೇಲೆ ಟೆರಿಯರ್‌ಗಳನ್ನು ಸಾಕಿಕೊಂಡೇ ದಿನ ಕಳೆಯುತ್ತಿದ್ದರು. ಅಜ್ಜಿ ಅವರನ್ನು ರಾಯರು ಎನ್ನುತ್ತಿದ್ದರು. ಕೆಂಚ ಅವರ ಮನೆಯ ಕೊನೆಯ ಮರಿ, ಅವರೇ ಕೊಟ್ಟದ್ದು. ಬೇಲಿಗೊಂದು ಪುಟ್ಟ ಗೇಟಿತ್ತು. ಅಜ್ಜಿಯ ಕೋಡುಬಳೆ ಆ ಕಡೆ ಹೋದರೆ ಅವರ ಹಿತ್ತಲಿನ ಸೇಬು ಈ ಕಡೆ ಬರುತ್ತಿತ್ತು. ಸಂಜೆ ಹೊತ್ತು ಇಬ್ಬರೂ ಗೇಟಿನ ಎರಡು ಬದಿ ಕೂತು ಗಂಟೆಗಟ್ಟಲೆ ಹರಟುತ್ತಿದ್ದರು, ಎಲ್ಲವೂ ನನ್ನ ಬಾಯಿಂದ. ಒಂಬತ್ತು ವರ್ಷದವಳಿಗೆ ಅದೇನು ಕಡಿಮೆ ಅಧಿಕಾರವೇ? ಬೇಸರವಾದರೆ ಅವರ ಅರ್ಧ ಮಾತನ್ನು ನುಂಗಿಬಿಡುತ್ತಿದ್ದೆ, ಹುಕಿ ಬಂದರೆ ನನ್ನದೊಂದಿಷ್ಟು ಸೇರಿಸುತ್ತಿದ್ದೆ.

ವಾಲ್ಟ್ ಹೇಳಿಕೊಟ್ಟಿದ್ದ ಒಂದು ವಿದ್ಯೆ ನನಗೆ ಇವತ್ತಿಗೂ ಮರೆತಿಲ್ಲ. ಬಿಲದೊಳಗೆ ನುಗ್ಗಿ ಬೇಟೆಯಾಡುವ ಟೆರಿಯರ್‌ಗೆ ಧೈರ್ಯವಿದ್ದರೆ ಸಾಲದು, ಎದೆ ಸಣ್ಣದಿರಬೇಕು. ಮುಂಗಾಲುಗಳ ಹಿಂದೆ ಎರಡೂ ಕೈ ಬಳಸಿ ಹಿಡಿದು ನೋಡಬೇಕು. ಮೇಲೆ ಹೆಬ್ಬೆರಳುಗಳು, ಕೆಳಗೆ ಉಳಿದ ಬೆರಳುಗಳ ತುದಿ ಒಂದಕ್ಕೊಂದು ತಾಗಿದರೆ ಆ ನಾಯಿ ಒಳಗೆ ಹೋಗಿ ತಿರುಗಿ ಬರಬಲ್ಲದು. ತಾಗದಿದ್ದರೆ ಎಷ್ಟೇ ಚುರುಕಾಗಿರಲಿ, ಅದನ್ನು ಮನೆಯಲ್ಲಿ ಮುದ್ದು ಮಾಡಿಕೊಂಡಿರಬೇಕು.

ಆ ವರ್ಷ ಮೇ ತಿಂಗಳಲ್ಲಿ ಅಜ್ಜಿಯ ಮೆಂತ್ಯದ ಪಾತಿಗೆ ಕಳ್ಳರು ಬಿದ್ದರು. ಹಿತ್ತಲಿನಾಚೆ ತೊರೆಗೆ ಇಳಿಯುವ ದಿಬ್ಬದ ತುಂಬ ಮೌಂಟನ್ ಬೀವರ್‌ಗಳ ಬಿಲ. ಹೆಸರು ದೊಡ್ಡದು, ನೋಡಲು ಬಾಲವಿಲ್ಲದ ಹೆಗ್ಗಣ. ಒಂದು ಬೆಳಿಗ್ಗೆ ಮೆಂತ್ಯ, ಮರುದಿನ ಹುರುಳಿಕಾಯಿ ಸಸಿ, ಎಲ್ಲ ಬುಡಸಮೇತ ಮಾಯ. ಅಜ್ಜಿಗೆ ರೇಗಿತು. ಗೇಟಿನ ಹತ್ತಿರ ಹೋಗಿ, "ನಮ್ ಕೆಂಚನ್ನ ಬಿಲದೊಳಕ್ಕೆ ಬಿಡ್ಬೋದಾ, ರಾಯರನ್ನ ಕೇಳೇ ಪುಟ್ಟಿ," ಎಂದರು. ಕೇಳಿದೆ. ವಾಲ್ಟ್ ಕೆಂಚನನ್ನು ಎತ್ತಿ, ತಮ್ಮ ದೊಡ್ಡ ಕೈಗಳಿಂದ ಎದೆ ಬಳಸಿ ಹಿಡಿದು, ತಲೆಯಾಡಿಸಿದರು. ಇವನ ಎದೆ ದೊಡ್ಡದು, ಕೊಬ್ಬಲ್ಲ, ಮೂಳೆಯೇ ಹಾಗೆ, ಯಾವ ಕಾರಣಕ್ಕೂ ಒಳಗೆ ಬಿಡಬೇಡಿ ಎಂದು ನಿಧಾನವಾಗಿ, ನನಗೆ ತಿಳಿಯಲೆಂದು ಎರಡು ಸಲ ಹೇಳಿದರು.

ನಾನು ಅಜ್ಜಿಯತ್ತ ತಿರುಗಿ, "ಕೆಂಚಂದು ಎದೆ ದೊಡ್ಡದಂತೆ," ಎಂದೆ.

ಅಜ್ಜಿಯ ಮುಖ ಅರಳಿತು. "ಎದೆಗಾರ ಅಂತಿದಾರಾ? ನಾನೂ ಅದನ್ನೇ ಅಂದ್ಕೊಂಡಿದ್ದೆ ಕಣೇ."

ಅಲ್ಲಿಯವರೆಗೆ ನಡೆದದ್ದು ಬರೀ ತಪ್ಪು, ಸುಳ್ಳಲ್ಲ. ಎದೆಗೂಡು ಎಂಬ ಪದ ನನಗೆ ಗೊತ್ತಿರಲಿಲ್ಲ. ಆದರೆ ಎದೆಗಾರ ಎಂದರೆ ಧೈರ್ಯವಂತ ಎಂದು ಗೊತ್ತಿತ್ತು. ಕತ್ತಲೆ ಕೋಣೆಗೆ ಒಬ್ಬಳೇ ಹೋದರೆ ಅಜ್ಜಿ ನನ್ನನ್ನು ಎದೆಗಾತಿ ಎನ್ನುತ್ತಿದ್ದರು. ಇನ್ನು, 'ಬೇಡ' ಎಂಬ ಪದ ಬಾರದ ಮಗು ಯಾವ ಭಾಷೆಯಲ್ಲಿದೆ? ನನಗೆ ಕೆಂಚ ನೆಲದೊಳಗೆ ನುಗ್ಗುವುದನ್ನು ನೋಡಬೇಕಿತ್ತು, ಸ್ಕೂಲಿನಲ್ಲಿ ಹೇಳಿಕೊಳ್ಳಬೇಕಿತ್ತು. "ಹ್ಞೂಂ," ಎಂದುಬಿಟ್ಟೆ. ಅಜ್ಜಿ ವಾಲ್ಟ್‌ಗೆ ಕೈಮುಗಿದು ನಕ್ಕರು, ಅವರೂ ನಕ್ಕರು.

ಮರುದಿನ ಸಂಜೆ ಜಿನುಗುಮಳೆಯಲ್ಲೇ ಸೀರೆಯ ಮೇಲೆ ಅಪ್ಪನ ಜಾಕೆಟ್ ತೊಟ್ಟು ಅಜ್ಜಿ ದಿಬ್ಬಕ್ಕೆ ಬಂದರು. "ಹೋಗಪ್ಪ ಎದೆಗಾರ," ಎಂದು ಕೆಂಚನ ಬೆನ್ನು ತಟ್ಟಿದರು. ಜರೀಗಿಡಗಳ ಬುಡದಲ್ಲಿದ್ದ ಬಿಲದೊಳಗೆ ಅವನು ಒಂದೇ ಏಟಿಗೆ ನುಗ್ಗಿದ. ಬೊಗಳುವುದು ಮೊದಲು ಜೋರಾಗಿ, ಆಮೇಲೆ ನೆಲದಡಿಯಿಂದ ದೂರದೂರಕ್ಕೆ ಕೇಳಿಸಿತು. ಆಮೇಲೆ ಅದು ಬೊಗಳುವುದಾಗಿರಲಿಲ್ಲ. ಅಜ್ಜಿ ಬಿಲದ ಬಾಯಲ್ಲಿ ಮೊಣಕಾಲೂರಿ ಕೂಗಿದರು, ನಾನೂ ಕೂಗಿದೆ. ಅದನ್ನು ಕೇಳಿಯೇ ವಾಲ್ಟ್ ಗುದ್ದಲಿ ಹಿಡಿದು ಕುಂಟುತ್ತ ಓಡಿ ಬಂದರು, ಕೆಸರಿಗೆ ಕಿವಿ ಹಚ್ಚಿ ಆಲಿಸಿ ಅಗೆಯತೊಡಗಿದರು. ನೆನೆದ ಮಣ್ಣು ಅಗೆದಷ್ಟೂ ಕುಸಿಯುತ್ತಿತ್ತು. ಕೆಂಚನನ್ನು ಹೊರಗೆಳೆದಾಗ ಅವನ ಬಾಯಿ ತುಂಬ ಮಣ್ಣಿತ್ತು, ಉಸಿರಿರಲಿಲ್ಲ. ವಾಲ್ಟ್ ಅವನನ್ನು ಅಜ್ಜಿಯ ಮಡಿಲಲ್ಲಿ ಮಲಗಿಸಿ, ನನ್ನ ಕಡೆ ನೋಡಿ, ಬೇಡವೆಂದು ನಾನು ಹೇಳಿದ್ದೆನಲ್ಲ ಎಂದರು. ಗದರಿಸಲಿಲ್ಲ, ಕೇಳಿದರಷ್ಟೇ.

"ಏನಂದ್ರು?" ಅಜ್ಜಿ ಕೇಳಿದರು.

"ಪಾಪ ಅಂದ್ರು," ಎಂದೆ.

ಒಂದು ವಾರ ಬಿಟ್ಟು ವಾಲ್ಟ್ ನನ್ನನ್ನು ಗೇಟಿನ ಹತ್ತಿರ ಕರೆದು, ನಿನ್ನ ಅಜ್ಜಿ ಕೆಂಚನನ್ನು ಕೊನೆಗೆ ಏನೆಂದು ಕರೆಯುತ್ತಿದ್ದಳು ಎಂದು ಕೇಳಿದರು. ಎದೆಗಾರ ಎಂದು ಕರೆದು ಅಜ್ಜಿ ಮನೆಯೊಳಗೆ ಅಳುತ್ತಿದ್ದದ್ದು ಅವರಿಗೂ ಕೇಳಿಸಿರಬೇಕು. ನಾನು ಅಕ್ಷರ ಅಕ್ಷರವಾಗಿ ಹೇಳಿದೆ. ಅವರು ಸೀಡರ್ ಹಲಗೆಯೊಂದರ ಮೇಲೆ ಆ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೆತ್ತಿ, ಕೆಂಚನನ್ನು ಹೂತ ಜಾಗದಲ್ಲಿ ನೆಟ್ಟುಹೋದರು. ಅಜ್ಜಿ ಅದೇನು ಓದು ಎಂದರು. ಓದಿದೆ.

"ಇಷ್ಟಾದ್ಮೇಲೂ ಎದೆಗಾರ ಅಂತಲೇ ಅಂತಾರಾ? ತಿಳಿದೋರು ಅಂತ ಕೇಳಿದ್ದು ನಾನು," ಎಂದು ಅಜ್ಜಿ ಒಳಗೆ ಹೋದರು.

ಆಗಲೂ ಹೇಳಬಹುದಿತ್ತು. ಹೇಳಲಿಲ್ಲ. ಆ ಗೇಟು ಮತ್ತೆ ತೆರೆಯಲಿಲ್ಲ. ಸೇಬಿನ ಕಾಲದಲ್ಲಿ ವಾಲ್ಟ್ ಬೇಲಿಯ ಮೇಲೆ ಒಂದು ಚೀಲ ಇಟ್ಟು ಹೋದರು. ಅದು ಅಲ್ಲೇ ಕೊಳೆಯಿತು. ತಮ್ಮ ಮಾತು ಕೇಳದೆ ನಾಯಿಯನ್ನು ಕಳೆದುಕೊಂಡ ಹೆಂಗಸು ತಮ್ಮ ಮೇಲೇಕೆ ಮುನಿದಿದ್ದಾಳೆಂದು ಅವರಿಗೆ ತಿಳಿಯಲೇ ಇಲ್ಲ. ಮೂರು ವರ್ಷದ ಮೇಲೆ ಅವರು ತೀರಿಕೊಂಡರು, ನಾನು ಕಾಲೇಜಿನಲ್ಲಿದ್ದಾಗ ಅಜ್ಜಿ. ಇಬ್ಬರಿಗೂ ಮಾತಿಗೆ ಇದ್ದ ದಾರಿ ನಾನೊಬ್ಬಳೇ, ಆ ದಾರಿಯನ್ನು ಮುಚ್ಚಿದವಳೂ ನಾನೇ. ಅಜ್ಜಿ ಕಲಿಸಿದ ಅಕ್ಷರಗಳಲ್ಲೇ ಇದನ್ನು ಬರೆಯುತ್ತಿದ್ದೇನೆ. ಸುಳ್ಳು ಹೇಳಿದ್ದು ಕನ್ನಡದಲ್ಲಿ, ಒಪ್ಪಿಕೊಳ್ಳುವುದೂ ಕನ್ನಡದಲ್ಲೇ ಆಗಲಿ ಎನ್ನಿಸಿತು. ಮನೆ ಕೆಡವುವ ಮುಂಚೆ ಕಿತ್ತು ತಂದ ಹಲಗೆ ನನ್ನ ಬಳಿಯೇ ಇದೆ.

ರೈಲಿನಲ್ಲಿ ಆ ಹುಡುಗಿಯನ್ನು ಕೇಳಿ ಅವಳ ನಾಯಿಯನ್ನು ಮಡಿಲಿಗೆ ತೆಗೆದುಕೊಂಡೆ. ಮುಂಗಾಲುಗಳ ಹಿಂದೆ ಎರಡೂ ಕೈ ಬಳಸಿ ಹಿಡಿದೆ. ಒದ್ದೆ ತುಪ್ಪಳದ ಕೆಳಗೆ ಅದರ ಗುಂಡಿಗೆ ಬಡಿದುಕೊಳ್ಳುತ್ತಿತ್ತು. ನನ್ನ ಬೆರಳುಗಳು ಒಂದಕ್ಕೊಂದು ತಾಗಲಿಲ್ಲ. ಏನು ನೋಡುತ್ತಿದ್ದೀರಿ ಎಂದು ಅವಳು ಕೇಳಿದಳು, ನನಗೆ ಇಂಗ್ಲಿಷ್ ಹೊರಡಲಿಲ್ಲ. ಹೊರಟದ್ದು ಅಷ್ಟು ವರ್ಷದಿಂದ ಹೇಳದೇ ಉಳಿದಿದ್ದ ಒಂದು ಮಾತು, ಕೇಳಬೇಕಾದವರು ಇಲ್ಲದ ಮೇಲೆ.

"ಎದೆಗೂಡು ದೊಡ್ಡದಂತೆ ಅಜ್ಜಿ. ಒಳಗೆ ಬಿಡ್ಬೇಡಿ ಅಂತಿದಾರೆ."