ಬಾಗಿಲಿನ ಮಂಚ

ಹಾಲೆಂಡಿನ ಡೆಲ್ಫ್ಟ್‌ನಲ್ಲಿ, ನಮ್ಮ ಮನೆಯ ಬಾಲ್ಕನಿಯಲ್ಲಿ ಹಳೇ ಬಾಗಿಲೊಂದನ್ನು ಉಜ್ಜುತ್ತಿದ್ದೆ. ಮರದ ಹುಡಿಯ ವಾಸನೆಗೆ ಅಪ್ಪ ನೆನಪಾದರು.

ಆಗ ಊರಲ್ಲಿ ಮಂಡಿನೋವಿನ ಅಜ್ಜಿ ನೆಲದ ಹಾಸಿಗೆಯಿಂದ ಏಳಲಾರದೆ ನರಳುತ್ತಿದ್ದರು. ಅಪ್ಪ ಹಟ ಹಿಡಿದು, ಬಿಚ್ಚಿಟ್ಟಿದ್ದ ಹಳೇ ಮುಂಬಾಗಿಲಿನಲ್ಲೇ ಮಂಚ ಮಾಡಿದರು. ಅಜ್ಜಿ ಹತ್ತಲೊಲ್ಲರು.

“ಅರಿಶಿನ ಕುಂಕುಮ ಇಟ್ಟ ಬಾಗಿಲಿಗೆ ಕಾಲು ಚಾಚಲೇನೋ?”

ಅಪ್ಪ ಮತ್ತೆ ಗರಗಸ ಹಿಡಿದರು. ಕುಂಕುಮವಿದ್ದ ತುಂಡನ್ನು ಕೊಯ್ದು ತಲೆಯ ಕಡೆ ನಿಲ್ಲಿಸಿದರು.

“ಕುಂಕುಮ ತಲೆಗೆ, ಕಾಲು ಕೆಳಗೆ, ಮಲಗಮ್ಮ ಬೆಳಗಿನವರೆಗೆ!”

“ಹಟದಲ್ಲಿ ನನ್ನ ಮಗನೇ ಸರಿ,” ಎನ್ನುತ್ತ ಅಜ್ಜಿ ಹತ್ತಿದರು.

ಈಗ ಊರಿಂದ ಬಂದಿರುವ ಅಮ್ಮನಿಗೂ ಮಂಡಿನೋವು. ಅವರಿಗೆಂದು ನಾನು ಆ ಬಾಗಿಲಿನಲ್ಲಿ ಮಾಡಿದ ಮಂಚವನ್ನು ಸುತ್ತಿ ನೋಡಿದರು.

“ಯಾರ ಮನೆ ಬಾಗಿಲೋ ಇದು?”

“ಗೊತ್ತಿಲ್ಲಮ್ಮ, ಹಳೇ ಸಾಮಾನಿನ ಅಂಗಡೀದು.”

ಅಮ್ಮ ಡಬ್ಬಿ ತಂದು, ತಲೆಯ ಕಡೆ ಕುಂಕುಮವಿಟ್ಟು, ನೆಮ್ಮದಿಯಾಗಿ ಕಾಲು ಚಾಚಿದರು.