ಉಪವಾಸದ ಡೇರೆಯಲ್ಲಿ ಪುರಾಣದ ಪಾಠ

ತೆಲಂಗಾಣ ಹೋರಾಟದ ಆ ವರ್ಷಗಳಲ್ಲಿ ನಾನು ಜಹೀರಾಬಾದಿನ ಶಾಲೆಯೊಂದರಲ್ಲಿ ಕನ್ನಡ ಮಾಸ್ತರನಾಗಿದ್ದೆ. ಮುಷ್ಕರದಿಂದ ಶಾಲೆ ಮುಚ್ಚಿತ್ತು. ಸುಮ್ಮನೆ ಕೂರಲಾರದೆ, ಇಂಟರ್ನೆಟ್ಟಿನಲ್ಲಿ ನಡೆಯುತ್ತಿದ್ದ ಪುರಾಣ ಮತ್ತು ಜನಪದದ ಕೋರ್ಸೊಂದಕ್ಕೆ ಪಾಠ ಹೇಳಲು ಒಪ್ಪಿಕೊಂಡಿದ್ದೆ. ಕೋರ್ಸು ಅರ್ಧಕ್ಕೆ ಬರುವಷ್ಟರಲ್ಲಿ ತರಗತಿ ಕರಗಿ ಇಬ್ಬರು ಉಳಿದಿದ್ದರು. ಒಬ್ಬಾಕೆ ತಾಂಡೂರಿನ ಬಂಡೆ ಪಾಲಿಶ್ ಕಾರ್ಖಾನೆಯ ಆಫೀಸಿನಲ್ಲಿ ಕೆಲಸಕ್ಕಿದ್ದವಳು, ಮನೆಯಿಂದಲೇ ಪಾಠ ಕೇಳುತ್ತಿದ್ದಳು. ಇನ್ನೊಬ್ಬ ಸಿರ್ಗಾಪುರದ ಕುರಿ ಸಾಕುವ ಮನೆಯವನು, ಪಾಠಕ್ಕೆಂದೇ ನಾರಾಯಣಖೇಡಕ್ಕೆ ಬಂದು ಇಂಟರ್ನೆಟ್ ಅಂಗಡಿಯಲ್ಲಿ ಕೂರುತ್ತಿದ್ದ. ಇಬ್ಬರೂ ಬಿಡುವ ಮಾತಾಡುತ್ತಿದ್ದರು. ಹೇಗಾದರೂ ಹುರಿದುಂಬಿಸಿ ಉಳಿಸಿಕೊಳ್ಳಿ ಎಂದು ಕೋರ್ಸಿನವರು ನನಗೆ ಹೇಳಿದ್ದರು.

ಆ ದಿನ ಪಾಠದ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ನಾನು ಪಾಠ ಹೇಳುತ್ತಿದ್ದ ಅಂಗಡಿಯ ಮಾಲೀಕ ತನ್ನ ಜನರೇಟರನ್ನು ಚೌಕದ ಡೇರೆಗೆ ಕೊಟ್ಟಿದ್ದ. ಅಲ್ಲಿ ಪ್ರತ್ಯೇಕ ರಾಜ್ಯಕ್ಕಾಗಿ ದಿನಕ್ಕೊಂದು ಗುಂಪು ಸರದಿಯಂತೆ ಉಪವಾಸ ಕೂರುತ್ತಿತ್ತು.

"ಕರೆಂಟ್ ಇದ್ದಲ್ಲಿಗೇ ಹೋಗಮು ನಡೀರಿ ಮಾಸ್ತರ," ಎಂದು ಅವನು ಲ್ಯಾಪ್‌ಟಾಪನ್ನು ಡೇರೆಗೆ ತಂದಿಟ್ಟ. ಗದ್ದಲದಲ್ಲಿ ಏನೂ ಕೇಳಿಸದ್ದರಿಂದ ಅದರ ವೈರನ್ನು ಅಲ್ಲಿನ ಮೈಕ್‌ಸೆಟ್ಟಿಗೆ ಸಿಕ್ಕಿಸಿ, ಮೈಕನ್ನು ನನ್ನ ಕೈಗೆ ಕೊಟ್ಟ. ನಮ್ಮ ತರಗತಿ ಇಡೀ ಚೌಕಕ್ಕೆ ಕೇಳಿಸತೊಡಗಿತು.

ಹುಮ್ಮಸ್ಸು ಬರಲೆಂದು, ಬಂಡಿ ಅನ್ನ ಉಂಡು ರಾಕ್ಷಸನನ್ನು ಕೊಂದ ವೀರನ ಕಥೆ ತೆಗೆದೆ. ಬಂಡಿಯಲ್ಲಿ ಏನೇನಿತ್ತೆಂದು ವರ್ಣಿಸುತ್ತಿರುವಾಗ ಉಪವಾಸ ಕೂತಿದ್ದ ಹಿರಿಯರೊಬ್ಬರು ಕೈಮುಗಿದರು.

"ಊಟದ ಕಥಿ ಬ್ಯಾಡ್ರಿ ಮಾಸ್ತರ. ಮುಂಜಾನಿಂದ ಹೊಟ್ಟ್ಯಾಗ ಏನೂ ಇಲ್ಲ."

ಬಡ ಗೆಳೆಯ ಗಂಟು ಕಟ್ಟಿ ತಂದ ಅವಲಕ್ಕಿಗೆ ಹೋದೆ. ಅದಕ್ಕೂ ತಲೆಯಾಡಿಸಿದರು. ಊಟವಿಲ್ಲದ ಪುರಾಣ ಇಷ್ಟು ಕಡಿಮೆಯೆಂದು ನನಗೆ ಆವರೆಗೆ ಗೊತ್ತಿರಲಿಲ್ಲ. ಕೊನೆಗೆ, ವ್ಯೂಹದ ಒಳಗೆ ಹೋಗುವುದನ್ನಷ್ಟೇ ಕಲಿತು, ಹೊರಬರಲಾಗದೆ ಸತ್ತ ಹುಡುಗನ ಕಥೆ ಹೇಳಿದೆ.

"ಸಾಯೋ ಮಾತೂ ಬ್ಯಾಡ್ರಿ," ಎಂದರು ಹಿರಿಯರು.

ಅಷ್ಟರಲ್ಲಿ ತಾಂಡೂರಿನವಳ ದನಿ ಚೌಕದ ಮೇಲೆಲ್ಲ ಹರಡಿತು. "ಸರ, ನನ್ನ ಕೈಲೆ ಆಗಂಗಿಲ್ರಿ. ಅರ್ಧಾ ಆಗ್ಯಾದ, ಇಲ್ಲಿಗೇ ಬಿಡ್ತೀನಿ."

ಹಿರಿಯರು ನನ್ನ ಕೈಯಿಂದ ಮೈಕು ತೆಗೆದುಕೊಂಡರು. "ತಂಗೀ, ಬಿಡಬ್ಯಾಡವ್ವಾ. ಅರ್ಧಕ್ಕ ಬಿಟ್ರ ಹಿಂದ ಮಾಡಿದ್ದೆಲ್ಲಾ ನೀರಾಗ ಹೋತದ. ನಾವೆಲ್ಲಾ ನಿನ್ನ ಬೆನ್ನಿಗಿದ್ದೀವಿ."

"ಹೌದ್ರಿ ಕಾಕಾ," ಎಂದಳು ಅವಳು ಗಾಬರಿಯಿಂದ.

"ಅಕ್ಕ ಬಿಟ್ರ ನಾನೂ ಬಿಡ್ತೀನ್ರಿ," ಎಂದಿತು ನಾರಾಯಣಖೇಡದ ದನಿ.

ದಾರಿಯಲ್ಲಿ ನಿಂತು ಕೇಳಿದವರಿಗೆ ಇವರು ಯಾರು, ಏನು ಬಿಡುತ್ತಿದ್ದಾರೆ ಎಂಬುದು ಹೇಗೆ ಗೊತ್ತಾಗಬೇಕು? ಜನ ತಾಂಡೂರಿನ ಅಕ್ಕನಿಗೆ ಜೈಕಾರ ಹಾಕಿದರು. ಆ ಸಂಭ್ರಮದಲ್ಲಿ ಯಾರೋ ವೈರು ತುಳಿದು ಪಾಠ ಕಡಿದುಹೋಯಿತು.

ಚೌಕದ ಸುದ್ದಿ ಫೋನಿನಿಂದ ಫೋನಿಗೆ ಹಾರಿ ತಾಂಡೂರಿಗೂ ಮುಟ್ಟಿತು. ಸಂಜೆ ಅವಳ ಫೋನು ಬಂತು. "ಸರ, ಮನಿ ಮುಂದ ಮಂದಿ ನೆರದದ. ನಾನು ಸಾಯೋತನಕ ಉಪವಾಸ ಕೂತೀನಂತ. ಹಾರ ತಂದಾರ್ರಿ."

"ನೀನೇನು ಮಾಡ್ಲತ್ತೀ?"

"ರೊಟ್ಟಿ ಉಣ್ಲತ್ತಿದ್ದೆ. ನಮ್ಮತ್ತಿ ತಾಟು ಕಸ್ಕೊಂಡು ಅಡಗಸ್ಯಾರ."

ನಿಜ ಹೇಳಿಬಿಡು ಎಂದೆ. ಹೇಳಿದಳು, ಪುರಾಣ ಓದುತ್ತಿದ್ದೇನೆ ಎಂದು. ಉಪವಾಸದ ಜೊತೆಗೆ ಪುರಾಣವನ್ನೂ ಓದುತ್ತಾಳಂತೆ ಎಂದು ಜನರ ಭಕ್ತಿ ಹೆಚ್ಚಿತು. ಕೊನೆಗೆ ಓಣಿಯ ಹಿರಿಯಳೊಬ್ಬಳು ನಿಂಬೆ ಶರಬತ್ತು ಕುಡಿಸಿ ಉಪವಾಸ ಮುರಿಸಿದಳಂತೆ. ಉಂಡ ರೊಟ್ಟಿಯ ಮೇಲೆಯೇ ಅವಳು ಅದನ್ನು ಕುಡಿದಳು.

ವಿಷಯ ತಿಳಿಯಾದ ಮೇಲೂ ಓಣಿಯವರು ಅವಳನ್ನು ಬಿಡಲಿಲ್ಲ. ನೀರಿಗೆ ಹೋದರೂ ಕೇಳುವವರು, ಕೆಲಸಕ್ಕೆ ಹೊರಟರೂ ಕೇಳುವವರು: "ಎಲ್ಲೀತನ ಬಂತವ್ವಾ ನಿನ್ನ ಪಾಠ?" ಮೊದಮೊದಲು ನಾಚಿಕೆಗೆ ಓದಿದಳು. ಆಮೇಲೆ ರುಚಿ ಹತ್ತಿತು. ಕೋರ್ಸು ಮುಗಿಸಿದಳು.

ಸಿರ್ಗಾಪುರದವನು ಕೊನೆಯ ಪಾಠಗಳಿಗೆ ಬರಲಿಲ್ಲ. ಫೋನು ಮಾಡಿ ನನಗೆ ಗೊತ್ತಿದ್ದ ಹುರಿದುಂಬಿಸುವ ಮಾತನ್ನೆಲ್ಲ ಹೇಳಿದೆ. ಅವನು ಎಲ್ಲದಕ್ಕೂ ಹೌದೆಂದ.

"ಖರೇ ಅದರಿ ಸರ. ಆದ್ರ ಕುರಿ ಈಯಾಕತ್ಯಾವ. ಒಂದು ಮರಿಗಿ ನಿಂದ್ರಾಕೇ ಬರವಲ್ದು."

ಹುಟ್ಟಿ ಎಷ್ಟು ಹೊತ್ತಾಯಿತು ಎಂದು ಕೇಳಿದೆ. ಹಾಲು ಕುಡಿಯಿತೇ ಎಂದೆ. ಆ ದಿನ ನಾವು ಮರಿಯ ಬಗ್ಗೆಯೇ ಮಾತಾಡಿದೆವು.