ನಾಲ್ಕೂ ಚಕ್ರಕ್ಕೆ ಬ್ರೇಕ್ ಬೇಕೆನ್ನುವ ಅಂಜಲೈ

ತ್ರಿಂಗ್ಕಾಪ್ ಊರಿನ ತರಕಾರಿ ತೋಟದ ಗುಡ್ಡಗಳ ಮೇಲೆ ಮಂಜು ಇನ್ನೂ ಸರಿದಿಲ್ಲ. ರಸ್ತೆ ಪಕ್ಕದ ತಗಡಿನ ಚಪ್ಪರದಲ್ಲಿ ಹಳೆಯ ಲ್ಯಾಂಡ್‌ರೋವರ್ ಒಂದು ನಿಂತಿದೆ. ಅದರ ಅಡಿಯಿಂದ ಮಣ್ಣು ಮೆತ್ತಿದ ಎರಡು ರಬ್ಬರ್ ಬೂಟುಗಳು ಮಾತ್ರ ಕಾಣುತ್ತಿವೆ. ಮಾತು ಕೂಡ ಅಲ್ಲಿಂದಲೇ ಬರುತ್ತಿದೆ.

"ತುಳಿ. ಬಿಡು. ಮತ್ತೆ ತುಳಿ. ಏನ್ ತಂಬಿ, ಹೂವಿನ ಮೇಲೆ ಕಾಲಿಡ್ತಿದ್ದೀಯಾ? ನಿಮ್ ತೌಕೆ ಎದುರಿಗೆ ಬಂದ ಅಂದ್ಕೊಂಡು ತುಳಿ."

"ಹಾಗಂದ್ಕೊಂಡ್ರೆ ನನ್ನ ಕಾಲು ಬ್ರೇಕ್ ಮೇಲೆ ಹೋಗಲ್ಲ ಅಕ್ಕಾ, ಆಕ್ಸಿಲರೇಟರ್ ಮೇಲೆ ಹೋಗತ್ತೆ," ಎನ್ನುತ್ತಾನೆ ಸ್ಟಿಯರಿಂಗ್ ಹಿಂದೆ ಕುಳಿತ ಶಫಿಕುಲ್. ಬಾಂಗ್ಲಾದೇಶದಿಂದ ಬಂದು ಇಲ್ಲಿಯ ತೌಕೆ, ಎಂದರೆ ತೋಟದ ಧಣಿಯೊಬ್ಬರ ಬಳಿ ಗಾಡಿ ಓಡಿಸುವವನು. ಗಾಡಿಯ ಅಡಿಯಿಂದ ನಗು ಕೇಳಿಸುತ್ತದೆ. ಹಿಂದೆಯೇ ಅಂಜಲೈ ತೆವಳಿಕೊಂಡು ಹೊರಬರುತ್ತಾರೆ. ಗಂಡನ ಹಳೇ ಪ್ಯಾಂಟು, ತಲೆಗೆ ಬಿಗಿದ ಟವೆಲ್ಲು, ಕೆನ್ನೆಯ ಮೇಲೆ ಗ್ರೀಸು. ನಾಲ್ಕು ಚಕ್ರವನ್ನೂ ಒಂದೊಂದಾಗಿ ಎತ್ತಿಸಿ, ಕೈಯಲ್ಲಿ ತಿರುಗಿಸಿ, ನಿಲ್ಲಿಸಿ ನೋಡಿದ ಮೇಲೆಯೇ ಕೀಲಿ ಕೊಡುತ್ತಾರೆ.

ಕ್ಯಾಮರೂನ್ ಬೆಟ್ಟಗಳ ಎಲೆಕೋಸು, ಟೊಮೆಟೊ, ಸೊಪ್ಪು ಕಡಿದಾದ ಮಣ್ಣು ದಾರಿಗಳಲ್ಲಿ ಇಳಿದು ಬರುವುದು ಇಂಥ ಮುದಿ ಗಾಡಿಗಳ ಬೆನ್ನ ಮೇಲೆ. ಕ್ವಾಲಾಲಂಪುರದ ಪೇಟೆಯಲ್ಲಿ ಆ ಎಲೆಕೋಸು ಕೊಳ್ಳುವವರಿಗೆ ಅಂಜಲೈ ಯಾರೆಂದು ಗೊತ್ತಿಲ್ಲ. ಬೆಟ್ಟದ ಚಾಲಕರಿಗೆ ಮಾತ್ರ ಚೆನ್ನಾಗಿ ಗೊತ್ತು. ಗಾಡಿಗಿಂತ ಮೊದಲು ಬೈಗುಳದಿಂದ ಡ್ರೈವರ್ ರಿಪೇರಿಯಾಗುವ ಗ್ಯಾರೇಜು ಇದು ಎಂದು ಅವರೇ ತಮಾಷೆ ಮಾಡುತ್ತಾರೆ.

ಅಂಜಲೈ ಚಹಾ ತೋಟದ ಲೈನ್ ಮನೆಯಲ್ಲಿ ಹುಟ್ಟಿದವರು. ಮದುವೆಯಾದ ಮೇಲೆ ತರಕಾರಿ ಶೆಡ್ಡಿನಲ್ಲಿ ಟೊಮೆಟೊ ಆರಿಸಿ ಪೆಟ್ಟಿಗೆ ತುಂಬುತ್ತಿದ್ದರು. ಗಂಡ ಸನ್ನಾಸಿ ಚಾಲಕ. ಒಂದು ಮಳೆಗಾಲ, ಹೊರೆ ಹೊತ್ತು ಇಳಿಯುತ್ತಿದ್ದ ಅವರ ಗಾಡಿ ತಿರುವಿನಲ್ಲಿ ಒಂದೇ ಕಡೆಗೆ ಎಳೆದು ಮಗುಚಿತು. ಸನ್ನಾಸಿಯ ಬಲಗಾಲು ಅಡಿಗೆ ಸಿಕ್ಕಿತು. ಡ್ರೈವರನಿಗೇ ನಿದ್ದೆ ಬಂದಿರಬೇಕು ಎಂದು ಊರು ತೀರ್ಪು ಕೊಟ್ಟಿತು.

"ಇವ್ರು ನಿದ್ದೆ ಮಾಡೋದು ನಾನು ನೋಡಿಲ್ವಾ? ಗೊರಕೆ ಹೊಡೆದ್ರೆ ಪಕ್ಕದ ಗುಡ್ಡಕ್ಕೆ ಕೇಳ್ಸತ್ತೆ," ಎನ್ನುತ್ತಾರೆ ಅಂಜಲೈ. ಗುಜರಿಗೆ ಹೋಗಲಿದ್ದ ಆ ಗಾಡಿಯನ್ನು ಬೇಡಿಕೊಂಡು ಹಿತ್ತಿಲಿಗೆ ಎಳೆಸಿದರು. ಪಾನಾ ಹಿಡಿಯಲೂ ಬಾರದ ಕೈಯಲ್ಲಿ ಒಂದೊಂದೇ ಭಾಗ ಬಿಚ್ಚಿದರು. ಹಿಂದಿನ ಚಕ್ರವೊಂದಕ್ಕೆ ಹೋಗುವ ಬ್ರೇಕ್ ಪೈಪನ್ನು ಯಾರೋ ಇಕ್ಕಳದಲ್ಲಿ ಅಮುಕಿ ಚಪ್ಪಟೆ ಮಾಡಿದ್ದರು. ಚಕ್ರದ ಹತ್ತಿರ ಬ್ರೇಕ್ ಆಯಿಲ್ ಸೋರಿದರೆ ಹೊಸ ಸಾಮಾನು ಬರುವವರೆಗೆ ಕಾಯದೆ ಹಾಗೆ ಪೈಪ್ ಮುಚ್ಚಿಬಿಡುವುದು ಬೆಟ್ಟದಲ್ಲಿ ನಡೆದುಬಂದ ಪದ್ಧತಿ. ಸೋರುವುದು ನಿಲ್ಲುತ್ತದೆ. ಆ ಚಕ್ರದ ಬ್ರೇಕೂ ನಿಲ್ಲುತ್ತದೆ.

ಅಂಜಲೈ ಆ ಪೈಪನ್ನು ಗಂಡನ ಹಾಸಿಗೆಯ ಮೇಲಿಟ್ಟರು. "ನಿದ್ದೆ ಮಾಡಿದ್ದು ನೀವಲ್ಲ," ಎಂದರಂತೆ. ಸನ್ನಾಸಿ ಗೋಡೆಯ ಕಡೆ ಮುಖ ತಿರುಗಿಸಿ ಅತ್ತರಂತೆ. ಅದನ್ನು ಹೇಳುವಾಗ ಇಬ್ಬರೂ ಒಬ್ಬರನ್ನೊಬ್ಬರು ನೋಡುವುದಿಲ್ಲ.

ಬಿಚ್ಚಿದ್ದನ್ನು ಮತ್ತೆ ಜೋಡಿಸಲು ಹೊರಟಾಗಲೇ ಕಲಿಕೆ ಶುರುವಾಯಿತು. ಪಕ್ಕದ ಊರಿನ ಆಹ್ ಹೋಕ್ ಎಂಬ ಮುದುಕ ಮೆಕ್ಯಾನಿಕ್ ಮೊದಮೊದಲು ಬಾಗಿಲಲ್ಲಿ ನಿಲ್ಲಿಸಿಯೇ ಹೇಳಿಕೊಟ್ಟರು, ಕೊನೆಗೆ ಒಳಗೆ ಕರೆದರು. ಗಾಡಿ ಎದ್ದು ನಿಂತಿತು. ಈಗಲೂ ಅಂಜಲೈ ಓಡಿಸುವುದು ಅದನ್ನೇ. ಅಪಶಕುನದ ಗಾಡಿ, ಮಾರಿಬಿಡು ಎಂದು ನೆಂಟರು ಹೇಳಿ ಹೇಳಿ ಸುಸ್ತಾಗಿದ್ದಾರೆ. "ಗಾಡಿ ಏನ್ ಮಾಡ್ತು? ಮಾಡಿದ್ದು ಇಕ್ಕಳ ಹಿಡಿದ ಕೈ. ಆ ಕೈಗೆ ಅಪಶಕುನ ಅನ್ನಿ," ಎನ್ನುತ್ತಾರೆ.

ಗಾಡಿಗಳ ಬಗ್ಗೆ ಅಂಜಲೈ ಬಳಿ ಅಭಿಪ್ರಾಯಗಳಿಗೆ ಬರವಿಲ್ಲ. ಕೇಳದಿದ್ದರೂ ಹೇಳುತ್ತಾರೆ. ಹಳೆ ಗಾಡಿ ನೋಡಲು ಹೋದರೆ ಮೊದಲು ಬಾನೆಟ್ ಮುಟ್ಟಬೇಕಂತೆ. ಬೆಚ್ಚಗಿದ್ದರೆ ವಾಪಸ್ ಬರಬೇಕು. ಬೆಳಿಗ್ಗೆ ಸ್ಟಾರ್ಟ್ ಆಗಲು ಹಟ ಮಾಡುವ ಎಂಜಿನ್ನನ್ನು ಮಾರುವವನು ಮೊದಲೇ ಎಬ್ಬಿಸಿಟ್ಟಿದ್ದಾನೆ ಎಂದರ್ಥ. "ತೊಳೆದು ಫಳಫಳ ಅನ್ನಿಸಿದ ಎಂಜಿನ್ ತೋರಿಸೋರನ್ನ ನಂಬ್ಲೇಬೇಡಿ. ಎಲ್ಲಿ ಸೋರತ್ತೆ ಅಂತ ಧೂಳು ಹೇಳತ್ತೆ. ಅದನ್ನೇ ತೊಳೆದ್ರೆ ಸಾಕ್ಷಿನೇ ಓಡಿಸಿದ ಹಾಗೆ."

ಹೊಸ ಗಾಡಿ ಕೊಳ್ಳುವವರಿಗೆ ಒಂದೇ ಪ್ರಶ್ನೆ: ಕೆಟ್ಟು ನಿಂತರೆ ನಿಮ್ಮೂರಲ್ಲಿ ಇದರ ಅಡಿಗೆ ಯಾರು ಮಲಗುತ್ತಾರೆ? ಉತ್ತರ ಗೊತ್ತಿಲ್ಲದಿದ್ದರೆ ಬಣ್ಣ, ಟಚ್ ಸ್ಕ್ರೀನು, ಹಾಡು ಏನಿದ್ದರೂ ಬೇಡ. ಹಾಗೆಂದು ಹಳೆಯದರ ಮೇಲೆ ಕುರುಡು ಮೋಹವೂ ಇಲ್ಲ. ಕ್ವಾಲಾಲಂಪುರದಿಂದ ಬಂದ ದಂಪತಿ ಅಂಗಳದಲ್ಲಿ ಚಂದಕ್ಕೆ ನಿಲ್ಲಿಸಲು ಲ್ಯಾಂಡ್‌ರೋವರ್ ಕೇಳಿದಾಗ, "ಚಂದಕ್ಕಾದ್ರೆ ಹೂಕುಂಡ ಇಡಿ," ಎಂದು ಕಳಿಸಿದ್ದಾರೆ. ಚಾಸಿಗೆ ತುಕ್ಕು ಹಿಡಿದ ಗಾಡಿಗೆ ಬೆಸುಗೆ ಮೇಲೆ ಬೆಸುಗೆ ಹಾಕಿಸಲು ಬರುವ ಮಾಲೀಕರಿಗೂ ಅದೇ ಮರ್ಯಾದೆ. "ಪ್ರಾಣ ಹೋಗಿದೆ, ಇನ್ನು ಔಷಧಿ ಹುಯ್ಯಬೇಡಿ."

ಈ ಬಾಯಿಗೆ ಒಮ್ಮೆ ಬೆಲೆ ತೆರಬೇಕಾಯಿತು. ಚೀನೀ ಹೊಸ ವರ್ಷದ ಹೊತ್ತು, ಎಲೆಕೋಸಿಗೆ ಎಲ್ಲಿಲ್ಲದ ಬೇಡಿಕೆ. ಶಫಿಕುಲ್ ಓಡಿಸುತ್ತಿದ್ದ ಗಾಡಿಯ ಚಕ್ರದಲ್ಲಿ ಆಯಿಲ್ ಸೋರುತ್ತಿತ್ತು. ಸಾಮಾನು ಕೆಳಗಿನ ಪೇಟೆಯಿಂದ ಬರಬೇಕಿತ್ತು. ಗಾಡಿಯ ಧಣಿ ಯಾಪ್ ತೌಕೆ ಖುದ್ದು ಬಂದರು. ಗ್ಯಾರೇಜಿಗೆ ಬರುತ್ತಿದ್ದ ಗಾಡಿಗಳಲ್ಲಿ ಮುಕ್ಕಾಲು ಪಾಲು ಅವರವೇ.

"ಪೈಪ್ ಅಮುಕಿ ಕೊಡು. ಮೂರು ಚಕ್ರ ಹಿಡಿಯತ್ತಲ್ಲ, ಸಾಕು."

"ಮೂರು ಸಾಕಾಗಿದ್ರೆ ಗಾಡಿ ಮಾಡಿದೋರು ನಾಲ್ಕು ಯಾಕೆ ಕೊಡ್ತಿದ್ರು ತೌಕೆ? ಅವ್ರಿಗೆ ಕೆಲಸ ಇರ್ಲಿಲ್ವಾ?"

"ಗಾಡಿ ನಂದು."

"ಗಾಡಿ ನಿಮ್ದು. ಅದ್ರಲ್ಲಿ ಕೂರೋ ಜೀವ ನಿಮ್ದಲ್ಲ."

ಅಂಜಲೈ ಚಕ್ರ ಕಳಚಿ, ಉರುಳಿಸಿಕೊಂಡು ಹೋಗಿ, ಅಡುಗೆಮನೆಯಲ್ಲಿಟ್ಟು ಬಾಗಿಲು ಹಾಕಿದರು. ತೌಕೆ ಬೇರೆ ಚಕ್ರ ತರಿಸಿ ಹಾಕಿಸಿ, ಗಾಡಿ ಎಳೆಸಿಕೊಂಡು ಹೋದರು. ಜೊತೆಗೆ ತಮ್ಮ ಎಲ್ಲ ಗಾಡಿಗಳ ಕೆಲಸವನ್ನೂ. ಅವರ ಮುಖ ನೋಡಿ ಉಳಿದ ತೋಟದವರೂ ದೂರವಾದರು. ಚಪ್ಪರ ಖಾಲಿಯಾಯಿತು. ಅಂಜಲೈ ಬೇರೆಯವರ ಮೋಟಾರ್ ಬೈಕಿಗೆ ಪಂಕ್ಚರ್ ಹಾಕುತ್ತ ಕುಳಿತರು.

ಆಗ ತೀರಾ ನೋಯಿಸಿದ್ದು ಗಂಡನ ಮಾತು. "ನನ್ ಕಾಲು ಹೋಗಿದ್ದು ಹೋಯ್ತು. ಈಗ ಹೊಟ್ಟೆನೂ ಹೋಗ್ಬೇಕಾ? ಎಲ್ರೂ ಅಮುಕ್ತಾರೆ, ನೀನೂ ಅಮುಕು," ಎಂದಿದ್ದರು ಸನ್ನಾಸಿ. ಅಂಜಲೈ ಇಕ್ಕಳ ತಂದು ಅವರ ಕೈಗೆ ಕೊಟ್ಟರು. "ತಗೊಳ್ಳಿ. ನೀವೇ ಅಮುಕಿ. ನಂಗೆ ಆಗಲ್ಲ." ಸನ್ನಾಸಿ ಇಕ್ಕಳ ಕೆಳಗಿಟ್ಟು, ಚಹಾ ಮಾಡಲು ಕುಂಟುತ್ತ ಒಳಗೆ ಹೋದರು. ಆಮೇಲೆ ಆ ಮಾತು ಆ ಮನೆಯಲ್ಲಿ ಮತ್ತೆ ಬಂದಿಲ್ಲ.

ಕೆಲವು ದಿನ ಕಳೆದು ಮುಂಜಾನೆ ಶಫಿಕುಲ್ ಬಂದು ನಿಂತ. "ಗಾಡಿ ಬಲಕ್ಕೆ ಎಳೀತಿದೆ ಅಕ್ಕಾ. ಭಯ ಆಗತ್ತೆ. ತೌಕೆಗೆ ಹೇಳ್ಬೇಡಿ." ಬೇರೆ ಕಡೆ ಪೈಪ್ ಅಮುಕಿಸಲಾಗಿತ್ತು. ತರಿಸಿಟ್ಟ ಸಾಮಾನು ಅಂಜಲೈ ಬಳಿಯೇ ಇತ್ತು. ಹಾಕಿಕೊಟ್ಟರು. ಅವನು ಒಂದು ಬುಟ್ಟಿ ಎಲೆಕೋಸು ಇಳಿಸಿ ಹೋದ. "ಅದೂ ತೌಕೆದೇ," ಎಂದು ಸನ್ನಾಸಿ ಇವತ್ತಿಗೂ ನಗುತ್ತಾರೆ. ಮರುದಿನ ಇನ್ನೊಬ್ಬ ಚಾಲಕ, ಅದರ ಮರುದಿನ ಮತ್ತೊಬ್ಬ. ತೋಟದ ಕೆಲಸ ಶುರುವಾಗುವ ಮೊದಲೇ ಮಂಜಿನಲ್ಲಿ ದೀಪ ಆರಿಸಿಕೊಂಡು ಗಾಡಿಗಳು ಬರತೊಡಗಿದವು.

ಒಂದು ಸಂಜೆ ಯಾಪ್ ತೌಕೆಯೇ ಬಂದರು, ಹೊಸ ಸಣ್ಣ ಕಾರಿನಲ್ಲಿ. ಮಗಳಿಗೆ ಇಪೋ ಪಟ್ಟಣದಲ್ಲಿ ಕೆಲಸ ಸಿಕ್ಕಿತ್ತು. ಘಟ್ಟ ಇಳಿದು ಅವಳೇ ಓಡಿಸಿಕೊಂಡು ಹೋಗಬೇಕು. "ಬ್ರೇಕ್ ಒಂದ್ಸಲ ನೋಡು," ಎಂದರು, ಬೇರೆಲ್ಲೋ ನೋಡುತ್ತ.

"ಎಷ್ಟು ಚಕ್ರದ್ದು ನೋಡ್ಲಿ?" ಎಂದು ಕೇಳಿದರು ಅಂಜಲೈ.

ತೌಕೆ ಕಾರಿನ ಕೀಲಿ ಚಾಚಿದರು.

"ಮಗಳಿಗೆ ನಾಲ್ಕು, ಶಫಿಕುಲ್‌ಗೆ ಮೂರಾ? ಅವ್ನಿಗೂ ಊರಲ್ಲಿ ಅಪ್ಪ ಇದಾನೆ. ನಿಮ್ ತೋಟದ ಗಾಡಿ ಎಲ್ಲಾ ಮೊದ್ಲು ಇಲ್ಲಿಗೆ ಬರ್ಲಿ. ಆಮೇಲೆ ಇದಕ್ಕೆ ಕೈ ಹಾಕ್ತೀನಿ."

ತೌಕೆ ಬಾಗಿಲು ಬಡಿದುಕೊಂಡು ಹೊರಟುಹೋದರು. ವಾರ ಸದ್ದಿಲ್ಲ. ಮುಂದಿನ ಭಾನುವಾರ ಚಪ್ಪರದ ಮುಂದೆ ಅವರ ಗಾಡಿಗಳು ಸಾಲಾಗಿ ನಿಂತಿದ್ದವು, ಹಗಲು ಬೆಳಕಿನಲ್ಲೇ. ಸಾಲಿನ ಕೊನೆಯಲ್ಲಿ ಸಣ್ಣ ಕಾರು. ಕ್ಷಮೆ ಗಿಮೆ ಯಾರೂ ಕೇಳಲಿಲ್ಲ. "ಗೊಣಗ್ತಾನೆ ಬಂದ್ರು, ಗೊಣಗ್ತಾನೆ ಹೋದ್ರು. ಗೊಣಗ್ಲಿ. ಬ್ರೇಕ್ ಹಿಡಿದ್ರೆ ಸಾಕು," ಎನ್ನುತ್ತಾರೆ ಅಂಜಲೈ.

ಬೆಟ್ಟದಲ್ಲಿ ಪೈಪ್ ಅಮುಕುವುದು ಪೂರ್ತಿ ನಿಂತಿಲ್ಲ ಎಂದು ಅವರಿಗೆ ಗೊತ್ತು. ಆ ಕೆಲಸಕ್ಕೆ ಬರುವವರು ಈಗಲೂ ಬೈಸಿಕೊಂಡು ವಾಪಸಾಗುತ್ತಾರೆ.

ಇನ್ನೇನು ಆಸೆ ಎಂದು ಕೇಳಿದರೆ ಒಂದು ಬೋರ್ಡು ಎನ್ನುತ್ತಾರೆ. ಇಷ್ಟು ವರ್ಷ ಚಪ್ಪರಕ್ಕೆ ಹೆಸರೇ ಇಲ್ಲ. ಬಣ್ಣ ಬರೆಯುವವನು ಕಳೆದ ವಾರ ಬಂದಿದ್ದ. ಗ್ಯಾರೇಜು ಎಂದ ಮೇಲೆ ಗಂಡಸಿನ ಹೆಸರಿದ್ದರೆ ಚೆನ್ನ, ಸನ್ನಾಸಿ ಮೋಟಾರ್ಸ್ ಎಂದು ಬರೆಯಲೇ ಎಂದನಂತೆ.

"ಅಂಜಲೈ ಅಂತ ಬರಿ ಅಂದೆ. ತಮಿಳು, ಮಲಾಯ್, ಚೀನೀ, ಮೂರರಲ್ಲೂ. ದಪ್ಪ ಅಕ್ಷರ."

ಚಹಾ ಲೋಟ ಹಿಡಿದು ಬಂದ ಸನ್ನಾಸಿ, "ನನ್ ಹೆಸ್ರು ಒಂದ್ ಮೂಲೇಲಾದ್ರೂ ಬೇಡ್ವಾ?" ಎನ್ನುತ್ತಾರೆ.

"ನಿಮ್ದು ಕರೆಂಟ್ ಬಿಲ್ಲಲ್ಲಿ ಇದೆಯಲ್ಲ," ಎಂದು ಅಂಜಲೈ ಮುಂದಿನ ಗಾಡಿಯ ಅಡಿಗೆ ತೂರುತ್ತಾರೆ.